ಐದು ಸೆಲ್ಲಿನ ಟಾರ್ಚು ಮತ್ತು ನಮ್ಮ ಮಾವನವರು

ನಾನು ಯಾವ ವಸ್ತುವನ್ನೂ ವಿಚಾರ ಮಾಡದೆ ಕೊಂಡವನಲ್ಲ. ಒಂದು ಕೊಡೆ ಕೊಳ್ಳಲು ಪೂರ್ತಿ ಮಳೆಗಾಲ ತೆಗೆದುಕೊಂಡಿದ್ದೇನೆ. ಕೊಡೆ ಮನೆಗೆ ಬರುವ ಹೊತ್ತಿಗೆ ಮಳೆ ನಿಂತಿತ್ತು, ಆದರೆ ಕೊಡೆ ಮಾತ್ರ ಬಹಳ ಒಳ್ಳೆಯದು! ಸರ್ಕಾರಿ ಕಚೇರಿಯೊಂದರ ತಪಾಲು ವಿಭಾಗದಲ್ಲಿ ಹನ್ನೆರಡು ವರ್ಷ ಕೂತವನಿಗೆ ಯಾವುದನ್ನೂ ಅವಸರದಲ್ಲಿ ಮಾಡುವ ಕೆಟ್ಟ ಚಾಳಿ ಉಳಿದಿರುವುದಿಲ್ಲ. ಆದ್ದರಿಂದ ಟಾರ್ಚು ಕೊಳ್ಳುವ ವಿಷಯ ನನ್ನ ಮುಂದೆ ಬಂದಾಗ ನಾನು ಸ್ವಲ್ಪವೂ ಅಳುಕಲಿಲ್ಲ.

ಎಪ್ಪತ್ತರ ದಶಕದ ಮಾತು. ನಾವು ಬಸವೇಶ್ವರನಗರದ ತೀರಾ ತುದಿಯಲ್ಲಿ ಬಾಡಿಗೆಗಿದ್ದೆವು. ನಿವೇಶನಗಳಿಗೆ ಕಲ್ಲು ನೆಟ್ಟಿದ್ದರು, ಬೀದಿಗೆ ದೀಪದ ಕಂಬಗಳನ್ನೂ ನೆಟ್ಟಿದ್ದರು. ದೀಪ ಮಾತ್ರ ಬಂದಿರಲಿಲ್ಲ. ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಕಾಣುತ್ತಿದ್ದ ಒಂದೇ ಬೆಳಕು ನಮ್ಮ ಹಾಲಿನ ಮುನಿಯಪ್ಪನದು. ಅವನು ಶ್ರೀಗಂಧದ ಕಾವಲು ಎಂಬ ಹಳ್ಳಿಯಿಂದ ಎರಡು ಹೊತ್ತೂ ಸೈಕಲ್ಲಿನಲ್ಲಿ ಹಾಲು ತಂದು ಹಾಕುತ್ತಿದ್ದ. ಸೈಕಲ್ಲಿನ ಮುಂದೆ ಒಂದು ಸೀಮೆಎಣ್ಣೆಯ ಪುಟ್ಟ ದೀಪ. ನಾನು ಅದನ್ನು ನೋಡಿ ಬಹಳ ಸಲ ಮರುಕಪಟ್ಟಿದ್ದೇನೆ.

ನನ್ನ ಬಳಿ ಸ್ಕೂಟರಿತ್ತು. ಮೂರು ಕೈ ದಾಟಿ ಬಂದದ್ದು. ಅದರ ದೀಪಕ್ಕೆ ಒಂದು ವಿಚಿತ್ರ ಸ್ವಭಾವ. ಗಾಡಿ ಜೋರಾಗಿ ಓಡಿದರೆ ಚೆನ್ನಾಗಿ ಉರಿಯುತ್ತಿತ್ತು, ನಿಧಾನ ಮಾಡಿದರೆ ಮಂಕಾಗುತ್ತಿತ್ತು. ನಮ್ಮ ರಸ್ತೆಯಲ್ಲಿ ಗುಂಡಿ ನೋಡಲು ನಿಧಾನ ಮಾಡಬೇಕು. ನಿಧಾನ ಮಾಡಿದರೆ ಗುಂಡಿ ಕಾಣುವುದಿಲ್ಲ! ಹೀಗೆ ಎರಡು ಸಲ ಬಿದ್ದೆ. ಮೂರನೆಯ ಸಲ ಬೀಳುವ ಮುನ್ನ ಒಂದು ಟಾರ್ಚು ಕೊಳ್ಳುವುದೆಂದು ತೀರ್ಮಾನವಾಯಿತು. ಅದು ಹೊರಗೆ ಓಡಾಡಲೂ ಆಗಬೇಕು, ವಾಹನಕ್ಕೂ ಆಗಬೇಕು, ಬೆಳಕು ಪ್ರಬಲವಾಗಿರಬೇಕು, ಬೆಲೆ ದುರ್ಬಲವಾಗಿರಬೇಕು. ಇದಿಷ್ಟನ್ನೂ ಕಚೇರಿಯ ಕಾಗದದಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಜೇಬಿನಲ್ಲಿಟ್ಟುಕೊಂಡು ಚಿಕ್ಕಪೇಟೆಗೆ ಹೋದೆ.

“ಬೆಳಕು ಎಷ್ಟು ದೂರ ಹೋಗತ್ತೆ?” ಎಂದು ಅಂಗಡಿಯವರನ್ನು ಕೇಳಿದೆ.

“ನೀವು ಎಷ್ಟು ದೂರ ಹೋಗ್ತೀರ ಸಾರ್?”

“ಬಸವೇಶ್ವರನಗರ.”

“ಹಾಗಾದ್ರೆ ಸ್ವಲ್ಪ ಜೋರಾಗಿರೋದೇ ಬೇಕು,” ಎಂದರು ಅವರು ಗಂಭೀರವಾಗಿ.

ಮಟಮಟ ಮಧ್ಯಾಹ್ನ ಟಾರ್ಚನ್ನು ಪರೀಕ್ಷೆ ಮಾಡುವುದು ಹೇಗೆ? ಅದಕ್ಕೂ ಅವರಲ್ಲಿ ಏರ್ಪಾಡಿತ್ತು. ಮೆಟ್ಟಿಲ ಕೆಳಗೆ ರೈನ್‌ಕೋಟುಗಳನ್ನು ಒಟ್ಟಿದ್ದ ಒಂದು ಗೂಡು. ನಾವಿಬ್ಬರೂ ಅದರೊಳಗೆ ತೂರಿ, ಪರದೆ ಎಳೆದುಕೊಂಡು, ಕುಕ್ಕುರುಗಾಲಿನಲ್ಲಿ ಕೂತೆವು. ಎರಡು ಸೆಲ್ಲಿನದನ್ನು ಹಾಕಿದರು. ಮೂಲೆಯಲ್ಲಿ ಒಂದು ಇಲಿ ಕಾಣಿಸಿತು. ಮೂರು ಸೆಲ್ಲಿನದನ್ನು ಹಾಕಿದರು. ಇಲಿಯ ಮೀಸೆಯೂ ಕಾಣಿಸಿತು. ಐದು ಸೆಲ್ಲಿನದನ್ನು ಹಾಕಿದರು. ಇಲಿ ಓಡಿಹೋಯಿತು. ನಾನು ಐದು ಸೆಲ್ಲಿನದನ್ನೇ ಮಂಜೂರು ಮಾಡಿದೆ.

ಬೆಲೆ ಕೇಳಿದರೆ ಮೂರು ಸೆಲ್ಲಿನದಕ್ಕಿಂತ ಕಡಿಮೆ! ಇದನ್ನು ಯಾರೂ ಕೊಳ್ಳುತ್ತಿಲ್ಲವಂತೆ. ಜನರ ಅಜ್ಞಾನಕ್ಕೆ ಒಳಗೊಳಗೇ ನಕ್ಕು ದುಡ್ಡು ಕೊಟ್ಟೆ. ಜನ ಯಾಕೆ ಕೊಳ್ಳುತ್ತಿರಲಿಲ್ಲ ಎನ್ನುವುದು ಮುಂದಿನ ತಿಂಗಳು, ಐದು ಹೊಸ ಸೆಲ್ಲು ಕೊಳ್ಳಬೇಕಾಗಿ ಬಂದಾಗ, ನನಗೂ ತಿಳಿಯಿತು. ಸದರಿ ಟಾರ್ಚು ಅಗ್ಗವಾಗಿತ್ತು. ಅದರ ಊಟ ಅಗ್ಗವಾಗಿರಲಿಲ್ಲ.

ಮನೆಯಲ್ಲಿ ನನ್ನ ಹೆಂಡತಿ ಗಿರಿಜೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಇಷ್ಟುದ್ದದ ಬ್ಯಾಟರಿ ಯಾಕ್ರೀ? ನಾವೇನು ಹುಲಿ ಬೇಟೆಗೆ ಹೋಗ್ತೀವಾ?”

“ಇದು ಅರ್ಧ ಮೈಲಿ ಬೆಳಕು ಬಿಡತ್ತೆ ಕಣೇ.”

“ಅರ್ಧ ಮೈಲಿ ಆಚೆ ನಮ್ಮದೇನಿದೆ?”

ಮೊದಲ ಐದು ಸೆಲ್ಲುಗಳು ತೀರಿದ ಮೇಲೆ ನಾನು ಸೆಲ್ಲಿನ ಖರ್ಚು ತಡೆಯುವ ಯೋಜನೆಯಲ್ಲಿ ಮುಳುಗಿದೆ. ಆಗೆಲ್ಲ ಎಷ್ಟೋ ಮನೆಗಳಲ್ಲಿ ಮಾಡುತ್ತಿದ್ದಂತೆ ಭಾನುವಾರ ಸೆಲ್ಲುಗಳನ್ನು ಬಿಸಿಲಿಗಿಟ್ಟು ಶಕ್ತಿ ತುಂಬಿಸತೊಡಗಿದೆ. ಮಹಡಿಯ ಮೇಲೆ ಗಿರಿಜೆ ಸಂಡಿಗೆ ಇಟ್ಟ ಸೀರೆಯ ಅಂಚಿನಲ್ಲೇ ನನ್ನ ಐದು ಸೆಲ್ಲುಗಳೂ ಸಾಲಾಗಿ ಕೂರುತ್ತಿದ್ದವು. “ಕಾಗೆ ಸಂಡಿಗೆ ಹೊತ್ಕೊಂಡು ಹೋಗತ್ತೆ, ನಿಮ್ಮ ಸೆಲ್ಲು ಮುಟ್ಟಲ್ಲ ನೋಡಿ. ಅದಕ್ಕಿರೋ ಬುದ್ಧಿ!” ಎನ್ನುತ್ತಿದ್ದಳು.

ಇನ್ನೊಂದು ಕ್ರಮ ಇದಕ್ಕಿಂತ ಮುಖ್ಯವಾದದ್ದು. ಟಾರ್ಚು ಬಳಸಿ ಆರಿಸಿದ ಕೂಡಲೇ ಅದರ ಹಿಂದಿನ ಬಿರಡೆ ತಿರುಗಿಸಿ, ಕೊನೆಯ ಸೆಲ್ಲನ್ನು ತೆಗೆದು, ತಲೆಕೆಳಗು ಮಾಡಿ ಹಾಕಿಡುತ್ತಿದ್ದೆ. ಒಂದು ಸೆಲ್ಲು ಉಲ್ಟಾ ಇದ್ದರೆ ಯಾರು ಗುಂಡಿ ಒತ್ತಿದರೂ ದೀಪ ಹತ್ತುವುದಿಲ್ಲ, ಶಕ್ತಿ ವ್ಯಯವಾಗುವುದಿಲ್ಲ. ಮತ್ತೆ ಬೇಕಾದಾಗ ಸೆಲ್ಲನ್ನು ನೇರ ಮಾಡಿಕೊಂಡರಾಯಿತು. ಎರಡು ತಿಂಗಳಲ್ಲಿ ಇದು ನನಗೆ ಎಷ್ಟು ರೂಢಿಯಾಯಿತೆಂದರೆ ಕಣ್ಣು ಬೇಡ, ಮನಸ್ಸು ಬೇಡ, ಕೈ ತಾನಾಗಿ ಮಾಡಿಬಿಡುತ್ತಿತ್ತು.

ಒಂದು ಸಂಜೆ ಕರೆಂಟು ಹೋದಾಗ ಬಚ್ಚಲಲ್ಲಿ ಏನೋ ಸರಿದಂತಾಯಿತು. ಗಿರಿಜೆ ಟಾರ್ಚು ತೆಗೆದುಕೊಂಡು ಗುಂಡಿ ಒತ್ತಿದಳು. ಹತ್ತಲಿಲ್ಲ. “ತಡಿ, ಸೆಲ್ಲು ತಿರುಗಿಸ್ಬೇಕು,” ಎಂದು ನಾನು ಒಳಗಿನಿಂದ ಕೂಗುವಷ್ಟರಲ್ಲಿ ಅವಳು ಬೆಂಕಿಕಡ್ಡಿ ಗೀರಿ, ಅಲ್ಲಿದ್ದ ಚೇಳನ್ನು ಕಂಡು, ಟಾರ್ಚಿನ ಬುಡದಿಂದಲೇ ಅದನ್ನು ಜಜ್ಜಿದ್ದಳು.

“ಇಷ್ಟಕ್ಕಾದ್ರೂ ಬಂತಲ್ಲ,” ಎಂದು ಅದನ್ನು ತೊಳೆದು ನನ್ನ ಕೈಗೆ ಕೊಟ್ಟಳು.

ಇಂಥ ಸಮಯದಲ್ಲಿ ಅವಳ ತಂದೆಯಿಂದ ಕಾರ್ಡು ಬಂತು. ದಾವಣಗೆರೆಯಿಂದ ಬರುತ್ತಿದ್ದಾರೆ, ನಾಲ್ಕು ದಿನ ಇರುತ್ತಾರೆ. ನಾವು ಬೆಂಗಳೂರಿನಲ್ಲಿ ಮನೆ ಮಾಡಿದ ಮೇಲೆ ಮೊದಲ ಸಲ.

ನಮ್ಮ ಮಾವ ವೀರಭದ್ರಪ್ಪ ಮೇಷ್ಟ್ರು ಮಾತಿಗೆ ಬಹಳ ಬಿಗಿ. ನಮ್ಮ ಸಂಬಂಧ ಕುದುರಿದಾಗ ಅವರು ನನ್ನ ಬಗ್ಗೆ ಹೇಳಿದ್ದು ಇಷ್ಟೇ ಅಂತೆ: “ಹುಡುಗ ಒಳ್ಳೆಯವನು. ಮಾತು ಸ್ವಲ್ಪ ಜಾಸ್ತಿ.” ನಾಲ್ಕು ವರ್ಷದಿಂದ ಆ ಎರಡನೆಯ ವಾಕ್ಯವನ್ನು ಅಳಿಸಬೇಕೆಂದು ನಾನು ಅವರ ಮುಂದೆ ಸಿಕ್ಕಾಪಟ್ಟೆ ಮಾತಾಡಿದ್ದೆ. ಅದು ಅಳಿಸಿಹೋಗಿರಲಿಲ್ಲ.

ಅವರ ಎದೆಯ ಮೇಲೆ ಜುಬ್ಬದ ಹೊರಗೆ ಸದಾ ಒಂದು ಬೆಳ್ಳಿಯ ಕರಡಿಗೆ ತೂಗುತ್ತಿತ್ತು. ಅದರೊಳಗೆ ಅವರ ಇಷ್ಟಲಿಂಗ. ಎಂಟನೆಯ ವಯಸ್ಸಿನಲ್ಲಿ ಗುರುಗಳು ಕೈಯಲ್ಲಿಟ್ಟದ್ದು. ಅಂದಿನಿಂದ ಅದು ಮೈಯಿಂದ ಅಗಲಿದ್ದಿಲ್ಲ. ಎರಡು ಹೊತ್ತೂ ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅವರು ತುತ್ತು ಎತ್ತುತ್ತಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಲಿಂಗದೀಕ್ಷೆ ಆಗಿತ್ತು, ನನಗೂ ಆಗಿತ್ತು. ಆದರೆ ಅವರಷ್ಟು ನಿಷ್ಠೆಯವರನ್ನು ನಾನು ನೋಡಿಲ್ಲ. ಲಿಂಗ ಮೈಮೇಲಿಲ್ಲದೆ ಒಂದು ಹನಿ ನೀರನ್ನೂ ಮುಟ್ಟುವವರಲ್ಲ.

“ಅಪ್ಪಾಜಿನ ಸಿಟಿ ಬಸ್ಸಲ್ಲೇ ಕರ್ಕೊಂಡ್ ಬನ್ನಿ,” ಎಂದಳು ಗಿರಿಜೆ. “ಇಲ್ಲಾಂದ್ರೆ ಆಟೋ ಮಾಡಿ. ಬಸ್ಸು ಬರೋ ಹೊತ್ತಿಗೆ ಸಂಜೆ ಆಗಿರತ್ತೆ. ಈ ಸ್ಕೂಟರ್ ಮೇಲೆ ಬೇಡ.”

“ಐದು ಸೆಲ್ಲಿದೆ ಕಣೇ!” ಎಂದೆ.

ಮೆಜೆಸ್ಟಿಕ್ಕಿಗೆ ಬಸ್ಸು ಬಂದಾಗ ಆರೂವರೆ. ಮಾವನವರು ಒಂದು ಕೈಚೀಲ ಹಿಡಿದು ಇಳಿದರು. ಬೆಳಿಗ್ಗೆ ಪೂಜೆ ಮುಗಿಸಿ ಎರಡು ರೊಟ್ಟಿ ತಿಂದು ಹೊರಟವರು, ದಾರಿಯಲ್ಲಿ ಏನೂ ತೆಗೆದುಕೊಂಡಿರಲಿಲ್ಲ. ಮುಖ ಬಾಡಿತ್ತು. “ಮನೆ ದೂರವೇ?” ಎಂದು ಕೇಳಿದರು. ಇಪ್ಪತ್ತು ನಿಮಿಷ ಎಂದೆ. ಚೀಲವನ್ನು ಮುಂದಿನ ಕೊಕ್ಕೆಗೆ ನೇತುಹಾಕಿ ಅವರನ್ನು ಹಿಂದೆ ಕೂರಿಸಿಕೊಂಡೆ.

ಮಾಗಡಿ ರಸ್ತೆಯವರೆಗೆ ಏನೂ ತೊಂದರೆಯಾಗಲಿಲ್ಲ. ಬೀದಿದೀಪ ಮುಗಿದ ಕಡೆ ಗಾಡಿ ನಿಲ್ಲಿಸಿ, ಸದರಿ ಟಾರ್ಚನ್ನು ತೆಗೆದು, ಸೆಲ್ಲು ನೇರ ಮಾಡಿ, ಅವರ ಕೈಗೆ ಕೊಟ್ಟೆ.

“ಇದನ್ನ ನನ್ನ ಹೆಗಲ ಮೇಲಿಂದ ಮುಂದಕ್ಕೆ ಹಿಡೀರಿ ಮಾವ. ಅಷ್ಟೇ ಕೆಲಸ.”

ಕುಲುಕಾಟದಲ್ಲಿ ಟಾರ್ಚು ಕೈಜಾರಿ ಬಿದ್ದರೆ? ನನ್ನ ಮುಂದಾಲೋಚನೆ ಅಷ್ಟಿಷ್ಟಲ್ಲ. ಟಾರ್ಚಿನ ಬುಡಕ್ಕೆ ಮೊದಲೇ ಒಂದು ಗಟ್ಟಿ ನೂಲಿನ ಹುರಿ ಕಟ್ಟಿದ್ದೆ. ಅದನ್ನು ನಾನೇ ಅವರ ಕೊರಳಿಗೆ ಮಾಲೆಯ ಹಾಗೆ ಹಾಕಿದೆ. ಹೀಗೆ ಅವರ ಎದೆಯ ಮೇಲೆ ಕರಡಿಗೆಯ ಶಿವದಾರ ಒಂದು, ನನ್ನ ಹುರಿ ಇನ್ನೊಂದು ಆಯಿತು.

ಹೊರಟೆವು. ಬೆಳಕೆಂದರೆ ಬೆಳಕು! ರಸ್ತೆ, ನಿವೇಶನದ ಕಲ್ಲು, ಹೊಂಗೆ ಮರ, ಅದರಲ್ಲಿ ಮಲಗಿದ್ದ ಹಕ್ಕಿ, ಎಲ್ಲ ಎದ್ದು ಕೂತವು. ನನಗೆ ಎದೆ ಉಬ್ಬಿತು. ಚಿಕ್ಕಪೇಟೆಯ ಗೂಡಿನಿಂದ ಹಿಡಿದು ಕಥೆ ಶುರು ಮಾಡಿದೆ. ಇಲಿಯ ಮೀಸೆಗೆ ಬರುವಷ್ಟರಲ್ಲಿ ಮೋರಿ ಸಿಕ್ಕಿತು. ಅಲ್ಲೊಂದು ಗುಂಡಿ. ಗಾಡಿ ಎಗರಿತು. ಮಾವನವರು ಆಯ ತಪ್ಪದಿರಲೆಂದು ಟಾರ್ಚು ಹಿಡಿದ ಕೈಯನ್ನು ಥಟ್ಟನೆ ಮೇಲಕ್ಕೆತ್ತಿದರು.

“ಶಿವ ಶಿವಾ!” ಎಂದರು.

“ಇದು ಬರೀ ಅರ್ಧ ಬೆಳಕು ಮಾವ!” ಎಂದೆ. “ಮೂತಿ ತಿರುಗಿಸಿದ್ರೆ ಇನ್ನೂ ದೂರ ಹೋಗತ್ತೆ.”

“ಅಳಿಯಂದ್ರೇ…”

“ಖರ್ಚೂ ಅಂಥದ್ದೇನಿಲ್ಲ. ಬಿಸಿಲಿಗಿಟ್ರೆ ಆಯ್ತು!”

ಹೀಗೆ ಎರಡು ಫರ್ಲಾಂಗು ಹೋದೆವು. ಅವರು ಟಾರ್ಚಿನಿಂದ ನನ್ನ ಬೆನ್ನಿಗೆ ಎರಡು ಸಲ ಗುದ್ದಿದ ಮೇಲೆ ನಿಲ್ಲಿಸಿದೆ. ಅವರು ಇಳಿದರು. ಬಲಗೈಯಿಂದ ಎದೆ ಮುಟ್ಟಿಕೊಂಡರು. ಹರಿದ ಶಿವದಾರದ ಒಂದು ತುದಿ ಜುಬ್ಬದ ಮೇಲೆ ಜೋತು ಬಿದ್ದಿತ್ತು. ಕರಡಿಗೆ ಇರಲಿಲ್ಲ. ನನ್ನ ಹುರಿ ಶಿವದಾರಕ್ಕೆ ಸಿಕ್ಕಿಕೊಂಡು ಎಳೆದಿತ್ತು. ಎಪ್ಪತ್ತಕ್ಕೆ ಹತ್ತಿರವಾದ ಮನುಷ್ಯ ಎಂಟನೆಯ ವಯಸ್ಸಿನಿಂದ ಕಾಪಾಡಿಕೊಂಡು ಬಂದಿದ್ದು, ನನ್ನ ಗಾಡಿ ಹತ್ತಿದ ಅರ್ಧ ಗಂಟೆಯಲ್ಲಿ ಕಳೆದುಹೋಗಿತ್ತು.

ನಿಜವಾಗಿ ಹೇಳುತ್ತೇನೆ, ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಅವರು ನನ್ನನ್ನು ಬಯ್ಯಲಿಲ್ಲ. ಹತ್ತಿರದ ನಿವೇಶನದ ಕಲ್ಲಿನ ಮೇಲೆ ಕೂತರು. “ಸಿಗೋ ತನಕ ನಾನು ಮನೆಗೆ ಬರಲ್ಲ,” ಎಂದರು. “ಅಲ್ಲಿಗೆ ಬಂದ್ರೆ ಗಿರಿಜಾ ನೀರು ತಂದು ಕೊಡ್ತಾಳೆ. ಬೇಡ ಅನ್ನೋಕೆ ನಂಗಾಗಲ್ಲ.” ಆಮೇಲೆ ಹೇಳಿದರು, “ಅದು ಬಿದ್ದಿದ್ದು…”

“ನೀವು ಏನೂ ಮಾತಾಡ್ಬೇಡಿ ಮಾವ. ಮೊದಲೇ ಆಯಾಸ ಆಗಿದೆ. ನಾನಿದೀನಿ. ಈ ಬ್ಯಾಟರಿ ಇದೆ. ಐದೇ ನಿಮಿಷ!” ಎಂದು ಅವರ ಕೊರಳಿನಿಂದ ಟಾರ್ಚನ್ನು ತೆಗೆದುಕೊಂಡು, ಧೈರ್ಯ ಹೇಳಿದೆ. ಧೈರ್ಯವನ್ನು ಸಾಕಷ್ಟು ಹೊತ್ತು ಹೇಳಿದೆ. ಹೇಳಿ ಮುಗಿಸಿ, ಅಲ್ಲೇ ಹುಲ್ಲಿನ ಕಡೆ ಗುರಿಯಿಟ್ಟು ಗುಂಡಿ ಒತ್ತಿದೆ.

ಹತ್ತಲಿಲ್ಲ.

ನಾನು ಧೈರ್ಯ ಹೇಳುತ್ತಿದ್ದಾಗ ನನ್ನ ಕೈ ತನ್ನ ಕರ್ತವ್ಯ ಮಾಡಿಬಿಟ್ಟಿತ್ತು! ದೀಪ ಆರಿಸಿ, ಬಿರಡೆ ತಿರುಗಿಸಿ, ಸೆಲ್ಲನ್ನು ಉಲ್ಟಾ ಹಾಕಿಟ್ಟಿತ್ತು. ಇದು ನನಗೆ ಹೊಳೆದದ್ದು ಮಾರನೆಯ ದಿನ. ಆ ಹೊತ್ತಿಗೆ ಹೊಳೆದದ್ದು ಸೆಲ್ಲು ತೀರಿತೆಂದು, ಬಲ್ಬು ಹೋಯಿತೆಂದು, ಶಿವ ನನ್ನ ಮೇಲೆ ಮುನಿದನೆಂದು. ಬಿರಡೆ ಬಿಚ್ಚಿ ಟಾರ್ಚನ್ನು ಬಗ್ಗಿಸಿದೆ. ಐದು ಸೆಲ್ಲುಗಳು ಧಡಧಡನೆ ಕೈಗೆ ಬಂದವು. ನಾಲ್ಕು ಉಳಿದವು. ಒಂದು ಉರುಳಿಕೊಂಡು ಹೋಗಿ ಚರಂಡಿಗೆ ಬಿದ್ದ ಸದ್ದಾಯಿತು.

“ಏನದು?” ಎಂದರು ಮಾವನವರು ಆಸೆಯಿಂದ.

“ಅದಲ್ಲ. ಸೆಲ್ಲು,” ಎಂದೆ.

ಐದರ ಕೊಳವೆಯೊಳಗೆ ನಾಲ್ಕು ಸೆಲ್ಲು ಗಲಗಲ ಆಡಿದವೇ ಹೊರತು ಬೆಳಗಲಿಲ್ಲ. ಈಗ ನಾನು ನೆಲದ ಮೇಲೆ ಎರಡು ವಸ್ತು ಹುಡುಕಬೇಕಾಯಿತು. ಚರಂಡಿಯಂಚಿನಲ್ಲಿ ಮೊಣಕಾಲೂರಿ ತಡಕಿದೆ. ಮುಟ್ಟಿದ್ದೆಲ್ಲ ದುಂಡಗಿನ ಕಲ್ಲು. ಆಗ ಸ್ಕೂಟರಿನ ದೀಪ ನೆನಪಾಯಿತು. ಗಾಡಿಯನ್ನು ನಿಂತಲ್ಲೇ ಚಾಲೂ ಮಾಡಿ ಆಕ್ಸಿಲರೇಟರಿನ ಕಿವಿ ಹಿಂಡಿದರೆ ದೀಪ ಝಗ್ಗೆಂದು ಉರಿಯಿತು. ಹುಡುಕಲು ಕೈ ಬಿಟ್ಟರೆ ಮಂಕಾಯಿತು. ಹಿಂಡಿದರೆ ಹುಡುಕುವಂತಿಲ್ಲ, ಹುಡುಕಿದರೆ ಕಾಣುವಂತಿಲ್ಲ.

ಮಾವನವರು ತಾವಾಗಿಯೇ ಎದ್ದು ಬಂದರು. “ಎಲ್ಲಿ ತಿರುಗಿಸಬೇಕು ತೋರಿಸಿ,” ಎಂದರು. ಇಡೀ ದಿನ ಬಸ್ಸಿನಲ್ಲಿ ಕೂತು ಬಂದ, ತುಟಿ ಒಣಗಿದ ಆ ಹಿರಿಯರು, ಜೀವನದಲ್ಲಿ ಸೈಕಲ್ಲನ್ನೂ ಮುಟ್ಟದವರು, ರುಮಾಲು ಸರಿಮಾಡಿಕೊಂಡು, ತರಗತಿಯಲ್ಲಿ ನಿಂತಷ್ಟೇ ಗಂಭೀರವಾಗಿ ನಿಂತು, ನನ್ನ ಸ್ಕೂಟರಿನ ಕಿವಿ ಹಿಂಡಿದರು. ನಾನು ಗಾಡಿಯ ಸದ್ದಿಗೂ ಮೀರಿ ಧೈರ್ಯ ಹೇಳುತ್ತ ಅದರ ಬೆಳಕಿನಲ್ಲಿ ಅಂಬೆಗಾಲಿಟ್ಟೆ. ಕಾಲು ಗಂಟೆ ಹುಡುಕಿದೆ. ಎರಡು ಲಾಳ ಸಿಕ್ಕಿದವು, ಒಂದು ಹರಕು ಎಕ್ಕಡ ಸಿಕ್ಕಿತು. ಆಮೇಲೆ ಗಾಡಿ ಎರಡು ಸಲ ಕೆಮ್ಮಿ ನಿಂತುಹೋಯಿತು. ಪೆಟ್ರೋಲು ಮುಗಿದಿತ್ತು!

ಕತ್ತಲಲ್ಲಿ ಇಬ್ಬರೂ ಕೂತೆವು. ನಾನು ಮತ್ತೆ ಧೈರ್ಯ ಹೇಳತೊಡಗಿದೆ. ಅವರು ಬಾಯೊಳಗೆ ಮಂತ್ರ ಹೇಳಿಕೊಳ್ಳುತ್ತಿದ್ದರು. ಮಂತ್ರ ನಡುವೆ ನಿಂತಾಗ ಅವರ ಉಸಿರು ಕೇಳುತ್ತಿತ್ತು. ಗಿರಿಜೆ ಎಣ್ಣೆಗಾಯಿ ಮಾಡಿಟ್ಟು ಬಾಗಿಲಲ್ಲಿ ಕಾಯುತ್ತಿರುತ್ತಾಳೆ. ಅವಳಿಗೆ ಏನು ಹೇಳಲಿ? ಅರ್ಧ ಮೈಲಿ ಆಚೆ ನಮ್ಮದೇನಿದೆ ಎಂದು ಕೇಳಿದ್ದಳಲ್ಲ. ಈಗ ಅವಳ ತಂದೆಯೇ ಅರ್ಧ ಮೈಲಿ ಆಚೆ ಇದ್ದರು, ತೋರಿಸಲು ನನ್ನ ಬಳಿ ಬೆಳಕಿರಲಿಲ್ಲ.

ದೂರದಲ್ಲಿ ಒಂದು ಕೆಂಪು ಚುಕ್ಕಿ ಅಲ್ಲಾಡುತ್ತ ಬಂತು. ಅದರ ಹಿಂದೆ ಖಾಲಿ ಕ್ಯಾನುಗಳ ಸದ್ದು. ಮುನಿಯಪ್ಪ ಹಾಲು ಹಾಕಿ ಊರಿಗೆ ಹೊರಟಿದ್ದ.

“ಏನ್ ಸಾ, ಪೆಟ್ರೋಲಾ?”

ನಾನು ಎದ್ದು ನಿಂತು ಕರಡಿಗೆ ಕಳೆದುಹೋದ ವಿಷಯವನ್ನು ಮೊದಲಿನಿಂದ ವಿವರಿಸಿದೆ. ಟಾರ್ಚಿನ ವಿಷಯಕ್ಕೆ ಬರುವಷ್ಟರಲ್ಲಿ ಅವನು ನನ್ನನ್ನು ಬಿಟ್ಟು ಮಾವನವರ ಕಡೆ ತಿರುಗಿದ್ದ.

“ಎಲ್ಲಿ ಬಿತ್ತು ಅಂತ ಗೊತ್ತಾಯ್ತಾ ಬುದ್ಧಿ?”

“ಆ ಮೋರಿ ಹತ್ರ,” ಎಂದರು ಮಾವನವರು. “ಎಡಗಡೆ. ಆಗಲೇ ಗೊತ್ತಾಯ್ತು.”

“ಅಲ್ಲಾ ಮಾವ, ನಂಗೆ ಹೇಳ್ಬಾರ್ದಾ?” ಎಂದು ನಾನು ಕೂಗಿಬಿಟ್ಟೆ.

“ಹೇಳೋಕೆ ಸಂದು ಸಿಗಲಿಲ್ಲ,” ಎಂದರು.

ಮುನಿಯಪ್ಪ ಸೈಕಲ್ಲಿನಿಂದ ದೀಪವನ್ನು ಕಳಚಿಕೊಂಡ. ಮೂವರೂ ಎರಡು ಫರ್ಲಾಂಗು ಹಿಂದಕ್ಕೆ ನಡೆದೆವು. ಮೋರಿಯ ಹತ್ತಿರ ಅವನು ಚಪ್ಪಲಿ ಬಿಟ್ಟ. ದೀಪವನ್ನು ಹುಲ್ಲಿನ ಮಟ್ಟಕ್ಕೆ ಇಳಿಸಿ, ಬಗ್ಗಿ, ಮೆಲ್ಲಗೆ ಒಂದೊಂದೇ ಹೆಜ್ಜೆ ಇಟ್ಟ. ಆ ದೀಪಕ್ಕೆ ನಾಲ್ಕು ಅಡಿಯಾಚೆ ಏನೂ ಕಾಣುತ್ತಿರಲಿಲ್ಲ. ಅಷ್ಟೇ ಸಾಕಾಗಿತ್ತು. ಹತ್ತು ಹೆಜ್ಜೆ ಇಟ್ಟಿರಬೇಕು, ನಿಂತ. ನಿಂತವನು ಅದನ್ನು ಮುಟ್ಟಲಿಲ್ಲ.

“ಬುದ್ಧಿ, ಇಲ್ಲೈತೆ. ನೀವೇ ತಗೊಳಿ.”

ಮುಚ್ಚಳ ಬಿಚ್ಚದ ಹಾಗೆಯೇ ಕರಡಿಗೆ ಗರಿಕೆಯ ಮೇಲೆ ಕೂತಿತ್ತು. ಮಾವನವರು ಮೊಣಕಾಲೂರಿ ಎರಡೂ ಕೈಯಲ್ಲಿ ಎತ್ತಿಕೊಂಡು ಕಣ್ಣಿಗೊತ್ತಿಕೊಂಡರು. ಬಹಳ ಹೊತ್ತು ಹಾಗೇ ಇದ್ದರು. ಅವರ ಭುಜ ಅಲುಗುತ್ತಿತ್ತು. ನನಗೂ ಅಳು ಬಂತು. ಆಶ್ಚರ್ಯವೆಂದರೆ ಆ ಹೊತ್ತು ನನಗೆ ಒಂದು ಮಾತೂ ಹೊಳೆಯಲಿಲ್ಲ. ಮುನಿಯಪ್ಪ ದೀಪ ಹಿಡಿದು ಪಕ್ಕಕ್ಕೆ ಮುಖ ಮಾಡಿಕೊಂಡು ನಿಂತಿದ್ದ.

ಆಮೇಲೆ ಅವರು ಕರಡಿಗೆಯನ್ನು ಶಲ್ಯದ ತುದಿಯಲ್ಲಿ ಕಟ್ಟಿ ಎದೆಗೆ ಒತ್ತಿ ಹಿಡಿದುಕೊಂಡರು. ನನ್ನ ಕೈಯಲ್ಲಿದ್ದ ಟಾರ್ಚಿನ ಹುರಿಯನ್ನು ಒಮ್ಮೆ ಎಳೆದು ನೋಡಿದರು.

“ಹುರಿ ಗಟ್ಟಿ ಇದೆ ಅಳಿಯಂದ್ರೇ,” ಎಂದರು.

ಮನೆಗೆ ಹೋದ ಮೆರವಣಿಗೆಯನ್ನು ಹೇಳಿಬಿಡುತ್ತೇನೆ. ಮುಂದೆ ದೀಪ ಹಿಡಿದ ಮುನಿಯಪ್ಪ, ಅವನ ಹಿಂದೆ ಎದೆಗೆ ಕೈ ಒತ್ತಿಕೊಂಡ ಮಾವನವರು, ಕೊನೆಯಲ್ಲಿ ಸ್ಕೂಟರು ತಳ್ಳಿಕೊಂಡು ನಾನು. ಐದು ಸೆಲ್ಲಿನ ಟಾರ್ಚು ನನ್ನ ಕೊರಳಲ್ಲಿ ತೂಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಗಿರಿಜೆ ತಂದೆಯ ಮುಖ ನೋಡಿದಳು, ಶಲ್ಯದ ಗಂಟು ನೋಡಿದಳು, ನನ್ನ ಮೊಣಕಾಲಿನ ಕೆಸರು ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

“ಐದು ಸೆಲ್ಲು?” ಎಂದಳು.

“ನಾಲ್ಕು,” ಎಂದೆ.

ಮಾವನವರು ಸ್ನಾನ ಮಾಡಿ, ಗಿರಿಜೆ ಹೊಸೆದು ಕೊಟ್ಟ ಹೊಸ ದಾರ ಕಟ್ಟಿಕೊಂಡು ಪೂಜೆಗೆ ಕೂತರು. ಅವತ್ತಿನ ಪೂಜೆ ಎಂದಿಗಿಂತ ಉದ್ದವಾಯಿತು. ಅವರು ತೀರ್ಥ ತೆಗೆದುಕೊಂಡು ಮೊದಲ ತುತ್ತು ಎತ್ತಿದ್ದನ್ನು ಕಣ್ಣಾರೆ ನೋಡಿದ ಮೇಲೆ ನನಗೆ ಉಸಿರು ಬಂತು. ಅವರು ಇದ್ದ ನಾಲ್ಕು ದಿನದಲ್ಲಿ ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ಹೊರಡುವ ದಿನ, “ಬ್ಯಾಟರಿಯ ಬೆಳಕು ಬಹಳ ಚೆನ್ನಾಗಿದೆ,” ಎಂದು ಕೂಡ ಹೇಳಿದರು. ನಾನು ಅದನ್ನು ಕ್ಷಮಾಪತ್ರವೆಂದೇ ತಿಳಿದೆ. ಎರಡನೆಯ ವಾಕ್ಯ ಅಳಿಸಿಹೋಯಿತೆಂದು ಒಳಗೇ ಸಂತೋಷಪಟ್ಟೆ.

ಆರು ತಿಂಗಳಾದ ಮೇಲೆ ಮತ್ತೆ ಅವರ ಕಾರ್ಡು ಬಂತು. ಗಿರಿಜೆ ಓದಿದಳು. ಓದುತ್ತ ಒಂದು ಕಡೆ ನಿಲ್ಲಿಸಿ, ನನ್ನನ್ನು ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಮುಂದುವರಿಸಿದಳು.

“‘ಬರುವ ಸೋಮವಾರ ಸಾಯಂಕಾಲದ ಬಸ್ಸಿಗೆ ಬರುತ್ತೇನೆ. ಬೀದಿದೀಪ ಇರುವ ತನಕ ಸಿಟಿ ಬಸ್ಸಿನಲ್ಲಿ ಬರುತ್ತೇನೆ. ಅಲ್ಲಿಂದ ಮುಂದಕ್ಕೆ ಅಳಿಯಂದಿರಿಗೆ ತೊಂದರೆ ಬೇಡ. ಹಾಲಿನವರಿಗೆ ತಿಳಿಸಿದರೆ ಸಾಕು.’”

ಸಾಯಂಕಾಲ ನಾನೇ ಗೇಟಿನ ಹತ್ತಿರ ನಿಂತು ಕಾದು ಮುನಿಯಪ್ಪನಿಗೆ ವಿಷಯ ತಿಳಿಸಿದೆ. ಅವನಿಗೆ ಬಹಳ ಸಂತೋಷವಾಯಿತು. ದೀಪದ ಗಾಜನ್ನು ಪಂಚೆಯ ತುದಿಯಿಂದ ಒರೆಸಿದ. ಒಬ್ಬನಿಗೇ ಕಷ್ಟವಾದೀತು, ನಾನೂ ಜೊತೆಗೆ ಬರಲೇ, ಈಗ ಐದೂ ಹೊಸ ಸೆಲ್ಲು ಹಾಕಿಸಿದ್ದೇನೆ ಎಂದು ಕೇಳಿದೆ.

ಅವನು ಸೈಕಲ್ಲು ಹತ್ತಿದ.

“ಬುದ್ಧಿಯೋರ್ನ ನಾನು ಕರ್ಕೊಂಡ್ ಬತ್ತೀನಿ ಬುಡಿ ಸಾ,” ಎಂದ. “ನೀವು ಮನೇಲೇ ಇರಿ.”